ಹಿತ್ತಲಿನ ಹೂ ಹುಳುಗಳ ಸಹವಾಸ

ಮನೆಯಲ್ಲೊಂದು ಸಾವು ಸಂಭವಿಸಿದಾಗ ಬಂಧುಮಿತ್ರರು ಕೂಡಿ ಬಂದು ಸಮಾಧಾನ ಹೇಳುವುದು ನಮ್ಮ ನಾಡಿನ ಒಳ್ಳೆಯ ವಾಡಿಕೆಗಳಲ್ಲೊಂದು. ಉತ್ತರಕ್ರಿಯೆಗಳು ಮುಗಿಯುವವರೆಗೆ ಮನೆಯ ತುಂಬ ಜನ; ಮಾತಿಗೂ ಅಳುವಿಗೂ ಬಿಡುವಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಬಸ್ಸು ಹತ್ತುವರು. ನಿಜವಾದ ದುಃಖವು ಮೊದಲಾಗುವುದು ಅಂದಿನ ಸಾಯಂಕಾಲ. ಇದನ್ನು ಅನುಭವಿಸಿದ ವಾಚಕರಿಗೆ ನಾವು ವಿವರಿಸಬೇಕಾದುದಿಲ್ಲ. ಅನುಭವಿಸದವರಿಗೆ ವಿವರಿಸುವ ಶಕ್ತಿಯು ನಮಗಿಲ್ಲ. ಆ ಸಾಯಂಕಾಲದ ತರುವಾಯ ನಮಗೆ ಅನಿರೀಕ್ಷಿತವಾಗಿ ದೊರೆತ ಒಂದು ಸಹವಾಸದ ವಿಷಯವನ್ನು ಮಾತ್ರ ಇಲ್ಲಿ ಬರೆಯಲು ಹೊರಟಿದ್ದೇವೆ. ಅದು ಹಿತ್ತಲಿನ ಹೂಗಳ ಸಹವಾಸ. ಆ ಹೂಗಳನ್ನೂ ಎಲೆಗಳನ್ನೂ ಆಶ್ರಯಿಸಿ ಬಾಳುವ ಹುಳುಗಳ ಸಹವಾಸ. ಅವುಗಳ ಛಾಯಾಚಿತ್ರಗಳನ್ನು ತೆಗೆಯುವ ನೆಪದಿಂದ ಅದು ನಮಗೆ ಲಭಿಸಿತು.

ನಮ್ಮ ಊರು ತೆಕ್ಕಲಕೋಟೆ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ಹೆದ್ದಾರಿಯಲ್ಲಿ ಪ್ರಯಾಣ ಮಾಡಿದವರು ಇದನ್ನು ಕಂಡಿರಬಹುದು. ಒಂದು ಕಡೆ ಬಂಡೆಗಲ್ಲಿನ ಗುಡ್ಡಗಳು. ಉಳಿದ ಕಡೆಗಳಲ್ಲಿ ಎರೆಯ ಭೂಮಿ, ತುಂಗಭದ್ರೆಯ ಕಾಲುವೆಯ ನೀರು, ನೆಲ್ಲಿನ ಗದ್ದೆಗಳು. ೧೯೬೩-೬೪ರಲ್ಲಿ ಪುರಾತತ್ವಜ್ಞರಾದ ಎಂ. ಎಸ್. ನಾಗರಾಜರಾಯರು ಈ ಗುಡ್ಡಗಳಲ್ಲಿ ಅಗೆದು ನೋಡಿದಾಗ ನವಶಿಲಾಯುಗದ ಜನರ ವಾಸಸ್ಥಾನಗಳು ಹೊರಬಿದ್ದವು. ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದಿನ ಆ ಜನರ ಕಲ್ಲಿನ ಕೊಡಲಿಗಳೂ ಮಣ್ಣಿನ ಪಾತ್ರೆಗಳೂ ದೊರೆತವು, ಸಮಾಧಿಗಳೂ ದೊರೆತವು. ನಾವು ಉಪಾಧ್ಯಾಯರಾಗಿದ್ದಷ್ಟು ಕಾಲವೂ ಈ ಸಂಗತಿಯನ್ನು ಹುಡುಗರಿಗೆ ಪಾಠ ಹೇಳಿದೆವು. ಆದರೆ ಆ ಸಮಾಧಿಯನ್ನು ಮುಚ್ಚಿದ ಮನುಷ್ಯನೊಬ್ಬನು ಅಂದು ಸಂಜೆ ತನ್ನ ಗುಡಿಸಲಿಗೆ ಒಂಟಿಯಾಗಿ ಹಿಂದಿರುಗಿರಬೇಕೆಂಬ ಯೋಚನೆಯು, ನಮ್ಮ ಪಾಲಿಗೆ ಅಂತಹ ಸಂಜೆ ಬರುವವರೆಗೆ ಒಮ್ಮೆಯೂ ನಮಗೆ ಹೊಳೆದಿರಲಿಲ್ಲ.

೨೦೨೩ನೆಯ ಇಸವಿಯ ಮಾಘಮಾಸದಲ್ಲಿ ನಮ್ಮ ಗೃಹಿಣಿಯು ತೀರಿಕೊಂಡರು. ಸುದ್ದಿಯನ್ನು ಬಂಧುಗಳಿಗೆ ತಿಳಿಸುವುದಕ್ಕಾಗಿ ಅವರದೊಂದು ಭಾವಚಿತ್ರ ಬೇಕಾಯಿತು. ಮೂವತ್ತನಾಲ್ಕು ವರ್ಷಗಳ ಸಂಸಾರದಲ್ಲಿ ತೆಗೆದ ಚಿತ್ರಗಳನ್ನೆಲ್ಲ ಹುಡುಕಿದೆವು. ಮದುವೆಗಳಲ್ಲಿ ಹತ್ತು ಜನರ ಹಿಂದೆ ನಿಂತ ಚಿತ್ರಗಳಿದ್ದುವು. ಮಗಳ ಪದವೀದಾನದ ದಿನ ಅರ್ಧ ಮುಖ ಮಾತ್ರ ಬಿದ್ದ ಚಿತ್ರವಿತ್ತು. ಮೊಬೈಲಿನಲ್ಲಿ ಹಿತ್ತಲಿನ ಮಲ್ಲಿಗೆಯ ಬಳ್ಳಿಯನ್ನು ಸರಿಪಡಿಸುತ್ತಿದ್ದ ಅವರ ಕೈಗಳ ಚಿತ್ರವೊಂದಿತ್ತು. ಎದುರಿಗೆ ಕುಳ್ಳಿರಿಸಿ, ಬೆಳಕು ನೋಡಿ, ಮನಸ್ಸಿಟ್ಟು ತೆಗೆದ ಚಿತ್ರವೊಂದೂ ಇರಲಿಲ್ಲ. ಕೊನೆಗೆ ಪಡಿತರದ ಚೀಟಿಗಾಗಿ ತೆಗೆಸಿದ್ದ ಚಿತ್ರವನ್ನೇ ದೊಡ್ಡದು ಮಾಡಿಸಬೇಕಾಯಿತು. ಪ್ರತಿದಿನವೂ ಕಣ್ಣೆದುರಿಗಿದ್ದುದನ್ನು ನಾವು ನೋಡಿಯೇ ಇರಲಿಲ್ಲವೆಂಬ ಚುಚ್ಚು ಅಂದು ಮನಸ್ಸಿಗೆ ಹೊಕ್ಕಿತು. ಅದು ಇಂದಿಗೂ ಸಂಪೂರ್ಣವಾಗಿ ಹೋಗಿಲ್ಲ.

ಹಿತ್ತಲು ಅವರ ರಾಜ್ಯವಾಗಿದ್ದಿತು. ನಿಂಬೆ, ಕರಿಬೇವು, ನುಗ್ಗೆ, ದಾಸವಾಳ, ನಂದಿಬಟ್ಟಲು, ತುಳಸಿ, ಗೋಡೆಯ ಬದಿಗೆ ತಾನಾಗಿ ಹುಟ್ಟಿದ ತುಂಬೆ ಮತ್ತು ಎಕ್ಕ — ಇಷ್ಟೇ ಅದರ ಸಂಪತ್ತು. ಆ ವರ್ಷದ ಬೇಸಗೆಯಲ್ಲಿ ನಾವು ಅದರ ಕಡೆಗೆ ಕಣ್ಣೆತ್ತಿ ನೋಡಲಿಲ್ಲ. ನಮ್ಮ ಸೀಮೆಯ ಬೇಸಗೆ ಎಂತಹುದೆಂಬುದು ಬಳ್ಳಾರಿಯ ಬಿಸಿಲನ್ನು ಬಲ್ಲವರಿಗೆ ವಿದಿತವೇ. ಮಲ್ಲಿಗೆ ಒಣಗಿತು, ಸೇವಂತಿಗೆಯ ಕುಂಡಗಳು ಬರಿದಾದುವು. ಬಚ್ಚಲಿನ ನೀರು ಹರಿಯುವ ಕಡೆಯಲ್ಲಿದ್ದುದರಿಂದ ನಿಂಬೆಯೂ ಕರಿಬೇವೂ ಮಾತ್ರ ಉಳಿದುಕೊಂಡುವು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗಳು ಪ್ರತಿ ರಾತ್ರಿಯೂ ಫೋನು ಮಾಡುತ್ತಿದ್ದಳು. "ಅಪ್ಪಾ, ಊಟ ಆಯ್ತಾ?" "ಆಯ್ತಮ್ಮ. ನಿಂದು?" "ಆಯ್ತು." ಇದಕ್ಕಿಂತ ಹೆಚ್ಚಿನ ಮಾತು ಇಬ್ಬರಿಗೂ ಬಾಯಿಗೆ ಬರುತ್ತಿರಲಿಲ್ಲ. ತಾಯಿಯ ಮಾತನ್ನೆತ್ತಿದರೆ ತಂದೆಯು ಕುಗ್ಗುವನೆಂದು ಅವಳೂ, ಮಗಳು ಅತ್ತಾಳೆಂದು ನಾವೂ ಸುಮ್ಮನಿರುತ್ತಿದ್ದೆವು.

ಶ್ರಾವಣದಲ್ಲಿ ಎರಡು ಮಳೆಯಾಗಿ ನಿಂಬೆಯು ಚಿಗುರಿತು. ಒಂದು ಮುಂಜಾನೆ ಹಲ್ಲುಜ್ಜುತ್ತ ನಿಂತಿದ್ದಾಗ, ಎಳೆಯ ಎಲೆಗಳ ಮೇಲೆ ಅಲ್ಲಲ್ಲಿ ಹಕ್ಕಿಯ ಹಿಕ್ಕೆ ಬಿದ್ದಂತೆ ಕಪ್ಪು ಬಿಳುಪಿನ ಗುರುತುಗಳು ಕಂಡುವು. ಗಿಡಕ್ಕೆ ರೋಗ ತಗಲಿರಬೇಕೆಂದು ಭಾವಿಸಿ, ಮೊಬೈಲಿನಲ್ಲಿ ಚಿತ್ರ ತೆಗೆದು ಮಗಳಿಗೆ ಕಳುಹಿಸಿದೆವು. ಅಂದು ರಾತ್ರಿಯ ಫೋನಿನಲ್ಲಿ ಅವಳು ಊಟದ ಮಾತನ್ನೆತ್ತಲಿಲ್ಲ. "ಅಪ್ಪಾ, ಅದು ರೋಗ ಅಲ್ಲ, ಹುಳ. ಅಮ್ಮ ಪ್ರತಿ ವರ್ಷ ಕಡ್ಡಿಯಿಂದ ತೆಗೆದು ಆಚೆ ಹಾಕ್ತಿದ್ಲಲ್ಲ, ಅದೇ. ನೀವು ನೋಡೇ ಇಲ್ವಾ?" ಎಂದಳು. ನೋಡಿರಲಿಲ್ಲ. ಆರು ತಿಂಗಳಲ್ಲಿ ಅವಳ ಬಾಯಿಂದ "ಅಮ್ಮ" ಎಂಬ ಮಾತನ್ನು ನಾವು ಕೇಳಿದ್ದು ಅಂದೇ.

ಮರುವಾರ ಅವಳು ಒಂದು ಸಣ್ಣ ಮಸೂರವನ್ನು ಅಂಚೆಯಲ್ಲಿ ಕಳುಹಿಸಿದಳು. ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪಿನಂತೆ ಅದನ್ನು ಮೊಬೈಲಿಗೆ ಸಿಕ್ಕಿಸಿಕೊಂಡರೆ, ಎರಡು ಮೂರು ಅಂಗುಲ ದೂರದ ವಸ್ತುವು ದೊಡ್ಡದಾಗಿ ಕಾಣುವುದು. ಆದರೆ ಇದರಲ್ಲೊಂದು ತೊಡಕುಂಟು. ವಸ್ತುವಿಗೆ ಹತ್ತಿರವಾದಷ್ಟೂ ಸ್ಪಷ್ಟವಾಗಿ ಮೂಡುವ ಭಾಗವು ತೆಳುವಾಗುತ್ತ ಹೋಗುವುದು. ಹುಳುವಿನ ತಲೆಯು ಸ್ಪಷ್ಟವಾದರೆ ಬೆನ್ನು ಮಸುಕು. ನಮ್ಮ ಕೈ ಒಂದು ಎಳ್ಳಿನಷ್ಟು ಅಲುಗಿದರೆ ಎಲ್ಲವೂ ಮಸುಕು. ಆದುದರಿಂದ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಗಾಳಿಯು ನಿಲ್ಲುವುದನ್ನು ಕಾದು, ಉಸಿರನ್ನು ಅರೆಕ್ಷಣ ಹಿಡಿಯಬೇಕು. ಮೊದಲ ದಿನ ತೆಗೆದ ಎಪ್ಪತ್ತು ಚಿತ್ರಗಳಲ್ಲಿ ಒಂದೂ ನೆಟ್ಟಗೆ ಬರಲಿಲ್ಲ. ಆದರೆ ಒಳಗೆ ಬಂದು ಗಡಿಯಾರವನ್ನು ನೋಡಿದಾಗ ಒಂದೂವರೆ ಗಂಟೆಯು ಕಳೆದಿದ್ದಿತು. ಆ ಒಂದೂವರೆ ಗಂಟೆಯಲ್ಲಿ ನಾವು ನಮ್ಮ ದುಃಖವನ್ನು ನೆನೆದಿರಲಿಲ್ಲ. ಮರೆತಿದ್ದೆವೆಂದಲ್ಲ, ಉಸಿರು ಹಿಡಿದವನಿಗೆ ನಿಟ್ಟುಸಿರು ಬಿಡಲು ಎಡೆಯಿಲ್ಲ, ಅಷ್ಟೆ.

ಇನ್ನು ಆ ಹುಳುವಿನ ಚರಿತ್ರೆಯನ್ನು ಸ್ವಲ್ಪ ಹೇಳಬೇಕು. ಅದು ನಿಂಬೆಯ ಚಿಟ್ಟೆಯ ಮರಿ. ಕಪ್ಪು ರೆಕ್ಕೆಗಳ ಮೇಲೆ ತಿಳಿಹಳದಿಯ ಚುಕ್ಕೆಗಳನ್ನುಳ್ಳ ಈ ಚಿಟ್ಟೆಯು ನಮ್ಮ ನಾಡಿನ ನಿಂಬೆಯ ಗಿಡಗಳಲ್ಲೆಲ್ಲ ಕಾಣಬರುವುದು. ತಾಯಿಯು ಮೊದಲು ಎಲೆಯ ಮೇಲೆ ಕಾಲುಗಳನ್ನು ಬಡಿದು, ಕಾಲಿನಿಂದಲೇ ಅದರ ರುಚಿಯನ್ನು ಪರೀಕ್ಷಿಸಿ, ಇದು ತನ್ನ ಮಕ್ಕಳಿಗೆ ತಕ್ಕ ಆಹಾರವೆಂದು ನಿಶ್ಚಯವಾದ ಮೇಲೆ ಎಳೆಯ ಚಿಗುರಿನಲ್ಲಿ ಒಂದೊಂದೇ ಮೊಟ್ಟೆಯಿಡುವುದು. ಮೂರು ನಾಲ್ಕು ದಿನಗಳಲ್ಲಿ ಮರಿಯು ಹೊರಬರುವುದು. ಎಳೆಯದಾಗಿರುವಾಗ ಅದರ ರೂಪವು ಹಕ್ಕಿಯ ಹಿಕ್ಕೆಯಂತೆಯೇ ಇರುವುದರಿಂದ ಹಕ್ಕಿಗಳು ಅದನ್ನು ಮುಟ್ಟವು. ಹಿಕ್ಕೆಯೆಂದು ನಂಬಿಸುವುದಕ್ಕೆ ಸಾಧ್ಯವಾಗದಷ್ಟು ದೊಡ್ಡದಾದಾಗ, ಅದು ಪೊರೆಯನ್ನು ಕಳಚಿ ಎಲೆಯ ಹಸುರನ್ನೇ ಉಟ್ಟುಕೊಳ್ಳುವುದು. ಆಗ ಅದನ್ನು ಕೆಣಕಿದರೆ ತಲೆಯ ಹಿಂದಿನಿಂದ ಕೆಂಪಗಿನ ಕವಲುಕೊಂಬೊಂದನ್ನು ಹೊರಚಾಚಿ ಕಟುವಾದ ವಾಸನೆಯನ್ನು ಬಿಡುವುದು. ಬಳಿಕ ಒಂದು ಕಡ್ಡಿಯನ್ನು ಹಿಡಿದು, ನಡುವಿಗೆ ನೂಲಿನ ಒಂದೇ ಎಳೆಯನ್ನು ಉಡಿದಾರದಂತೆ ಬಿಗಿದುಕೊಂಡು, ಕೋಶವಾಗಿ ಮಲಗುವುದು. ಆ ಕೋಶವಾದರೂ ಹಸುರಿನ ನಡುವೆ ಹಸುರು, ಒಣಕಡ್ಡಿಯ ಮೇಲೆ ಕಂದು. ಇಷ್ಟನ್ನು ನಾವು ಪುಸ್ತಕಗಳಲ್ಲಿ ಓದುವುದಕ್ಕೆ ಮೊದಲು ಮೊಬೈಲಿನ ಗಾಜಿನ ಮೇಲೆ ಕಂಡೆವು.

ಒಂದನ್ನು ನೋಡಲು ಕಲಿತ ಕಣ್ಣಿಗೆ ಉಳಿದವು ತಾವಾಗಿ ಕಾಣತೊಡಗಿದುವು. ಬೆಳಗಾದೊಡನೆ ತುಳಸಿಯ ಕದಿರುಗಳಿಗೆ ಬರುವ ಸಣ್ಣ ಜೇನುಗಳು. ಬಿಸಿಲೇರಿದ ಮೇಲೆ ನುಗ್ಗೆಯ ಹೂಗಳಿಗೆ ಭೋರೆಂದು ಬರುವ ಕರಿಯ ದುಂಬಿ. ಎಕ್ಕದ ಗಿಡದಲ್ಲಿ ಕೇಸರಿಬಣ್ಣದ ಚಿಟ್ಟೆಯ ಪಟ್ಟೆಪಟ್ಟೆ ಮರಿಗಳು ಎಕ್ಕದ ವಿಷವನ್ನೇ ತಿಂದು ಬೆಳೆಯುವುವು. ಆ ವಿಷವು ಮೈಯಲ್ಲಿ ಉಳಿಯುವುದರಿಂದ ಹಕ್ಕಿಗಳು ಆ ಚಿಟ್ಟೆಯನ್ನು ಒಮ್ಮೆ ಕಚ್ಚಿ ನೋಡಿ ಮತ್ತೆ ಮುಟ್ಟವು. ವಿಷವಿಲ್ಲದ ಇನ್ನೊಂದು ಜಾತಿಯ ಹೆಣ್ಣು ಚಿಟ್ಟೆಯು ಇದರ ವೇಷವನ್ನೇ ಧರಿಸಿ ಪ್ರಾಣ ಉಳಿಸಿಕೊಳ್ಳುವುದು. ಮಳೆಗಾಲದ ಕೊನೆಯಲ್ಲಿ ಕಾಲುವೆಯ ಮೇಲೂ ಗದ್ದೆಗಳ ಮೇಲೂ ಗುಂಪುಗುಂಪಾಗಿ ಹಾರುವ ಹಳದಿಯ ಏರೋಪ್ಲೇನ್ ಚಿಟ್ಟೆಗಳನ್ನು ನಾವು ಬಾಲ್ಯದಲ್ಲಿ ದಾರ ಕಟ್ಟಿ ಹಾರಿಸಿದವರು. ಅವುಗಳ ಕುಲದವು ಪ್ರತಿವರ್ಷವೂ ಹಿಂದೂ ಮಹಾಸಾಗರವನ್ನು ದಾಟಿ ಮಾಲ್ದೀವು ದ್ವೀಪಗಳ ಮೂಲಕ ಆಫ್ರಿಕಾಖಂಡವನ್ನು ಸೇರುತ್ತವೆಂದು ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿಯು ೨೦೦೯ರಲ್ಲಿ ಪ್ರಕಟಿಸಿದ್ದನ್ನು ಓದಿದಾಗ, ಆ ದಾರಗಳನ್ನು ನೆನೆದು ನಾಚಿಕೆಯಾಯಿತು.

ಹೂಗಳ ವಿಷಯವೂ ಹೀಗೆಯೇ. ಜೇನುಹುಳುಗಳಿಗೆ ಬಣ್ಣಗಳು ತಿಳಿಯುವುವೆಂದು ಕಾರ್ಲ್ ಫಾನ್ ಫ್ರಿಶ್ ಎಂಬ ವಿದ್ವಾಂಸನು ಬಣ್ಣದ ಕಾಗದಗಳ ಮೇಲೆ ಸಕ್ಕರೆನೀರಿಟ್ಟು ಸಿದ್ಧಪಡಿಸಿದನು; ಅವನಿಗೆ ೧೯೭೩ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಜೇನಿಗೆ ಕೆಂಪು ನಮಗೆ ಕಾಣುವಂತೆ ಕಾಣದು; ನಮಗೆ ಕಾಣದ ನೇರಿಳೆಯಾಚೆಯ ಬೆಳಕು ಅದಕ್ಕೆ ಕಾಣುವುದು. ನಮಗೆ ಬರಿಯ ಹಳದಿಯಾಗಿ ತೋರುವ ಎಷ್ಟೋ ಹೂಗಳ ಎಸಳುಗಳಲ್ಲಿ ಮಕರಂದದ ದಾರಿಯನ್ನು ತೋರುವ ಗೆರೆಗಳನ್ನು ಜೇನು ಕಾಣುವುದು. ಮೂವತ್ತು ವರ್ಷಗಳಿಂದ ನಮ್ಮದೆಂದುಕೊಂಡಿದ್ದ ಹಿತ್ತಲನ್ನು ನಮ್ಮ ಜೊತೆಯಲ್ಲಿಯೇ ವಾಸಿಸುವ ಈ ಒಕ್ಕಲುಗಳು ಬೇರೊಂದು ರೀತಿಯಾಗಿ ಕಾಣುತ್ತಿದ್ದುವೆಂಬುದು ನಮಗೆ ದೊಡ್ಡ ವಿಸ್ಮಯವಾಯಿತು.

ಮಗಳ ಫೋನು ಈಗ ಬದಲಾಯಿತು. ಬೆಳಗಿನ ಚಿತ್ರವನ್ನು ಅವಳು ಮಧ್ಯಾಹ್ನದಲ್ಲಿ ನೋಡುವಳು. ರಾತ್ರಿ ಅದರ ವಿಚಾರಣೆ. "ಎರಡನೇದು ಎಲ್ಲಿ ಹೋಯ್ತು?" "ಪಿಕಳಾರ ತಿಂದಿತೋ ಏನೋ, ಕಾಣಿಸಲಿಲ್ಲಮ್ಮ." "ಮೂರನೇದು?" ಹೀಗೆ ಮಾತು ಹತ್ತು ನಿಮಿಷ, ಇಪ್ಪತ್ತು ನಿಮಿಷ. ತಾಯಿಯು ದಾಸವಾಳಕ್ಕೆ ಏನು ಹಾಕುತ್ತಿದ್ದಳು, ಕರಿಬೇವನ್ನು ಯಾವ ತಿಂಗಳಲ್ಲಿ ಕತ್ತರಿಸುತ್ತಿದ್ದಳು — ಇಂತಹ ಮಾತುಗಳು ನಡುನಡುವೆ ಬರತೊಡಗಿದುವು. ಅಳದೆಯೇ ಅವರ ಹೆಸರನ್ನು ಹೇಳುವುದು ಸಾಧ್ಯವೆಂದು ಇಬ್ಬರಿಗೂ ತಿಳಿಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನವು ಹಿತವಾಗಿ ಮುಗಿಯುತ್ತಿದ್ದಿತು. ಆದರೆ ನಡೆದುದನ್ನು ನಡೆದಂತೆ ಹೇಳುವುದು ಧರ್ಮ. ಉಳಿದ ಎರಡು ಮರಿಗಳು ಕೋಶಗಳಾಗಿದ್ದುವು. ಒಂದು ವಾರ, ಹತ್ತು ದಿನ ನಾವು ನಸುಕಿನಲ್ಲಿಯೇ ಎದ್ದು ಹೋಗಿ ನೋಡುತ್ತಿದ್ದೆವು. ಮೊದಲನೆಯ ಕೋಶವು ಬರಬರುತ್ತ ಕಂದಾಗಿ ಮಂಕಾಯಿತು. ಒಂದು ದಿನ ಅದರ ಪಕ್ಕದಲ್ಲಿ ಸೂಜಿಯಿಂದ ಚುಚ್ಚಿದಂತಹ ತೂತು. ಅದರೊಳಗಿನಿಂದ ಚಿಟ್ಟೆಯಲ್ಲ, ಇರುವೆಗಿಂತಲೂ ಸಣ್ಣ ಕಣಜಗಳು ಒಂದಾದ ಮೇಲೊಂದು ಹತ್ತಾರು ಹೊರಬಂದುವು. ಕೋಶವು ಇನ್ನೂ ಮೆತ್ತಗಿರುವಾಗಲೇ ತಾಯಿಕಣಜವು ಅದರೊಳಗೆ ಮೊಟ್ಟೆಯಿಡುವುದಂತೆ. ಆ ಮೊಟ್ಟೆಗಳ ಮರಿಗಳು ಒಳಗಿನಿಂದಲೇ ತಿಂದು ಮುಗಿಸುವುವು. ಹೊರಗಿನಿಂದ ಏನೂ ತಿಳಿಯದು. ನಮ್ಮ ಗೃಹಿಣಿಯ ವ್ಯಾಧಿಯೂ ಹಾಗೆಯೇ ಒಳಗೊಳಗೆ ಬೆಳೆದಿತ್ತು. ಅಂದು ತೆಗೆದ ಚಿತ್ರವು ಅತ್ಯಂತ ಸ್ಪಷ್ಟವಾಗಿ ಬಂದಿತ್ತು. ಅದನ್ನು ನಾವು ಮಗಳಿಗೆ ಕಳುಹಿಸಲಿಲ್ಲ. ಮೂರು ದಿನ ಹಿತ್ತಲಿಗೂ ಹೋಗಲಿಲ್ಲ.

ನಾಲ್ಕನೆಯ ದಿನ ನೆರೆಮನೆಯ ರೈತರೊಬ್ಬರು ಬಂದು, "ಯಾಕೆ ಮೇಷ್ಟ್ರೇ, ಹಿತ್ತಲ ಕಡೆ ಕಾಣಂಗೇ ಇಲ್ಲ?" ಎಂದು ಕೇಳಿದರು. ಚಿತ್ರವನ್ನು ಅವರಿಗೆ ತೋರಿಸಿದೆವು. ಅವರು ನಕ್ಕು, "ಇಂಥ ಕಣಜದ ಮೊಟ್ಟೆ ಇರೋ ಕಾರ್ಡು ತಂದು ನಾವು ದುಡ್ಡು ಕೊಟ್ಟು ಗದ್ದೆಗೆ ಕಟ್ತೀವಿ" ಎಂದರು. ನಿಜವೇ. ಟ್ರೈಕೋಗ್ರಾಮ ಎಂಬ ಅತಿ ಸಣ್ಣ ಕಣಜಗಳನ್ನು ಕಾರ್ಡುಗಳಲ್ಲಿ ಬೆಳೆಸಿ, ನೆಲ್ಲಿನ ಕಾಂಡವನ್ನು ಕೊರೆಯುವ ಹುಳುವಿನ ಮೊಟ್ಟೆಗಳನ್ನು ನಾಶಮಾಡುವುದಕ್ಕಾಗಿ ಗದ್ದೆಗಳಲ್ಲಿ ಬಿಡುವುದುಂಟು. ನಮ್ಮ ಕೋಶದಲ್ಲಿದ್ದುದು ಬೇರೆ ಜಾತಿ. ಕೆಲಸ ಅದೇ ಬಗೆಯದು. ನಮಗೆ ಯಮನಾಗಿ ಕಂಡ ಪ್ರಾಣಿಯು ಅವರಿಗೆ ಕೂಲಿಯಾಳು. ನಿಂಬೆಯ ತೋಟದವನಿಗಾದರೆ ನಮ್ಮ ಮುದ್ದಿನ ಮರಿಯೇ ಕಳ್ಳ. ಹಿತ್ತಲು ಯಾರ ಪಕ್ಷವನ್ನೂ ವಹಿಸುವುದಿಲ್ಲ; ನಮ್ಮನ್ನು ಸಂತೈಸಬೇಕೆಂಬ ಉದ್ದೇಶವೂ ಅದಕ್ಕಿಲ್ಲ.

ಅಂದು ರಾತ್ರಿ ಆ ಚಿತ್ರವನ್ನು ಮಗಳಿಗೆ ಕಳುಹಿಸಿ, ಇದ್ದ ಸಂಗತಿಯನ್ನು ತಿಳಿಸಿದೆವು. ಬಹಳ ಹೊತ್ತು ಅವಳು ಮಾತಾಡಲಿಲ್ಲ. ಬಳಿಕ, "ಅಪ್ಪಾ, ಕೊನೇಲಿ ಅಮ್ಮನಿಗೆ ತುಂಬಾ ನೋವಾಯ್ತಾ?" ಎಂದು ಕೇಳಿದಳು. ಆ ರಾತ್ರಿ ಅವಳು ಬೆಂಗಳೂರಿನಿಂದ ಹೊರಟ ಬಸ್ಸಿನಲ್ಲಿದ್ದಳು. ಬಂದು ಸೇರುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಅಷ್ಟು ತಿಂಗಳು ಅವಳು ಕೇಳಿರಲಿಲ್ಲ, ನಾವು ಹೇಳಿರಲಿಲ್ಲ. ಇದ್ದುದನ್ನು ಇದ್ದಂತೆ ಹೇಳಿದೆವು. ಇಬ್ಬರೂ ಅತ್ತೆವು. ಅಂದು ನಿದ್ರೆಯು ಚೆನ್ನಾಗಿ ಬಂದಿತು.

ದುಃಖಿಯಾದವನು ಹುಳುಗಳಲ್ಲಿ ಮನಸ್ಸನ್ನಿಡುವುದು ವಿಚಿತ್ರವೆಂದು ಯಾರಿಗಾದರೂ ತೋರಿದರೆ, ಫ್ರಾನ್ಸ್ ದೇಶದ ಹೆನ್ರಿ ಫಾಬ್ರ್ ಎಂಬ ಮಹನೀಯನನ್ನು ನೆನೆಯಬಹುದು. ೧೮೨೩ರಲ್ಲಿ ಹುಟ್ಟಿ ೧೯೧೫ರಲ್ಲಿ ತೀರಿಕೊಂಡ ಈತನೂ ಬಡ ಉಪಾಧ್ಯಾಯನಾಗಿದ್ದವನು. ಹುಳುಗಳನ್ನು ಹುಡುಕುವಾಗ ಸದಾ ಜೊತೆಗಿರುತ್ತಿದ್ದ ಮಗನಾದ ಜೂಲ್ ಎಂಬವನು ೧೮೭೭ರಲ್ಲಿ ತನ್ನ ಹದಿನಾರನೆಯ ವಯಸ್ಸಿನಲ್ಲಿ ತೀರಿಕೊಂಡನು. ಎರಡು ವರ್ಷಗಳ ಮೇಲೆ, ೧೮೭೯ರಲ್ಲಿ, ತಂದೆಯು ಕೀಟಗಳನ್ನು ಕುರಿತ ತನ್ನ ಮಹಾಗ್ರಂಥದ ಮೊದಲನೆಯ ಸಂಪುಟವನ್ನು ಆ ಮಗನಿಗೆ ಅರ್ಪಿಸಿ, ತಾನು ವರ್ಣಿಸಿದ ಕೆಲವು ಕಣಜಗಳಿಗೆ ಅವನ ಹೆಸರನ್ನಿಟ್ಟನು. ಅದೇ ವರ್ಷ ಸೆರಿನ್ಯಾನ್ ಎಂಬ ಹಳ್ಳಿಯಲ್ಲಿ ಕಲ್ಲುಮುಳ್ಳುಗಳ ಒಂದು ಪಾಳುನೆಲವನ್ನು ಕೊಂಡು, ಕೊನೆಯವರೆಗೂ ಅಲ್ಲಿಯೇ ಹುಳುಗಳನ್ನು ನೋಡುತ್ತಿದ್ದನು. ಹತ್ತು ಸಂಪುಟಗಳು ಹೊರಬಂದುವು. ಮುಂದೆ ಅವನ ಇನ್ನೊಬ್ಬ ಮಗನಾದ ಪಾಲ್ ಆ ಹುಳುಗಳ ಛಾಯಾಚಿತ್ರಗಳನ್ನು ತೆಗೆದನು.

ನಮ್ಮ ನಾಡಿನಲ್ಲಿಯೂ ಈ ಹವ್ಯಾಸಕ್ಕೆ ಹಿರಿಯರುಂಟು. ನಮ್ಮ ಜಿಲ್ಲೆಯ ಸಂಡೂರಿನ ರಾಜಮನೆತನದ ಎಂ. ವೈ. ಘೋರ್ಪಡೆಯವರು (೧೯೩೧–೨೦೧೧) ರಾಜ್ಯದ ಹಣಕಾಸಿನ ಮಂತ್ರಿಗಳಾಗಿದ್ದೂ, ವನ್ಯಪ್ರಾಣಿಗಳ ಕಪ್ಪುಬಿಳುಪಿನ ಛಾಯಾಚಿತ್ರಗಳಿಂದ ದೇಶವಿದೇಶಗಳಲ್ಲಿ ಹೆಸರಾದರು. ಪೂರ್ಣಚಂದ್ರ ತೇಜಸ್ವಿಯವರು (೧೯೩೮–೨೦೦೭) ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳ ಚಿತ್ರಗಳಿಗಾಗಿ ಕಾದು ಕುಳಿತ ಸಂಗತಿಯು ಕನ್ನಡಿಗರಿಗೆಲ್ಲ ಗೊತ್ತು. ಅಂತಹ ಕಾಡಾಗಲಿ, ಬೆಲೆಬಾಳುವ ಯಂತ್ರಗಳಾಗಲಿ ನಮಗಿಲ್ಲದಿದ್ದರೂ ಚಿಂತೆಯಿಲ್ಲ. ಬಚ್ಚಲಿನ ಹಿಂದಿನ ಒಂದು ಗಿಡವು ಸಾಕು. ಪಟ್ಟಣದವರಿಗೆ ಕಿಟಕಿಯ ಒಂದು ತುಳಸಿಯ ಕುಂಡವು ಸಾಕು.

ಈ ಕೆಲಸಕ್ಕೆ ತೊಡಗುವವರಿಗೆ ನಮ್ಮ ಅಲ್ಪ ಅನುಭವದಿಂದ ನಾಲ್ಕು ಮಾತು. ಸೂರ್ಯೋದಯದ ತರುವಾಯದ ಒಂದು ಗಂಟೆಯು ಅತ್ಯುತ್ತಮವಾದುದು. ಆಗ ಬೆಳಕು ಮೃದುವಾಗಿರುವುದು, ಮೈ ಬಿಸಿಯೇರದ ಹುಳುಗಳು ಬೇಗನೆ ಹಾರವು. ನಿಂತು ಮೇಲಿನಿಂದ ತೆಗೆಯದೆ, ಕುಳಿತು ಹುಳುವಿನ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. ನಮ್ಮ ನೆರಳು ಅದರ ಮೇಲೆ ಬೀಳಬಾರದು. ಕಣ್ಣು ಸ್ಪಷ್ಟವಾಗಿ ಮೂಡಿದರೆ ಉಳಿದುದು ಮಸುಕಾದರೂ ಚಿತ್ರಕ್ಕೆ ಜೀವವಿರುವುದು. ಹುಳು ಅಲುಗದಿರಲೆಂದು ಶೀತಪೆಟ್ಟಿಗೆಯಲ್ಲಿಡುವುದು, ಅಂಟು ಹಚ್ಚುವುದು ಮುಂತಾದ ಉಪಾಯಗಳನ್ನು ಕೆಲವರು ಮಾಡುವುದುಂಟು; ಗೃಹಸ್ಥರಾದವರು ಅಂತಹುದಕ್ಕೆ ಕೈಹಾಕಬಾರದು. ಹಿತ್ತಲಿನಲ್ಲಿ ಔಷಧ ಹೊಡೆಯುವುದನ್ನು ನಿಲ್ಲಿಸಿ, ತುಂಬೆಯನ್ನೂ ಎಕ್ಕವನ್ನೂ ಕಳೆಯೆಂದು ಕೀಳದೆ ಒಂದು ಮೂಲೆಯಲ್ಲಿ ಬಿಟ್ಟರೆ, ಒಂದೇ ಮಳೆಗಾಲದಲ್ಲಿ ನೆಂಟರು ಬಂದು ಸೇರುವರು. ಮನೆಯ ಮಕ್ಕಳನ್ನು ಜೊತೆಗೆ ಕರೆದುಕೊಂಡರೆ ಇನ್ನೂ ಒಳ್ಳೆಯದು.

ಎರಡನೆಯ ಕೋಶದ ಗತಿಯೇನಾಯಿತೆಂದು ವಾಚಕರು ಕೇಳಬಹುದು. ನಾವು ಹಾಲು ತರಲು ಹೋಗಿದ್ದ ಸಮಯದಲ್ಲಿ ಅದು ಒಡೆಯಿತು. ಬಂದು ನೋಡುವಷ್ಟರಲ್ಲಿ ಚಿಟ್ಟೆಯು ಬರಿಯ ಕೋಶವನ್ನು ಹಿಡಿದು ನೇತಾಡುತ್ತ, ಮುದುಡಿದ್ದ ರೆಕ್ಕೆಗಳನ್ನು ಆಗಲೇ ಬಿಡಿಸಿಕೊಂಡಿದ್ದಿತು. ಕೈ ನಡುಗಿ ಚಿತ್ರವು ಮಸುಕಾಯಿತು. ಹಾಗಿದ್ದರೂ ಮಗಳು ಅದನ್ನೇ ಅಚ್ಚು ಹಾಕಿಸಿ ತನ್ನ ಕೋಣೆಯಲ್ಲಿ ಇಟ್ಟುಕೊಂಡಿದ್ದಾಳೆ. ಆ ದೀಪಾವಳಿಗೆ ಅವಳು ಊರಿಗೆ ಬಂದಾಗ, ಬೆಳಗಿನ ಬೆಳಕಿನಲ್ಲಿ ನಿಂಬೆಯ ಗಿಡದ ಪಕ್ಕದಲ್ಲಿ ಅವಳನ್ನು ಕುಳ್ಳಿರಿಸಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಉಸಿರು ಹಿಡಿದು ಒಂದು ಚಿತ್ರ ತೆಗೆದೆವು. "ಅಷ್ಟ್ಯಾಕೆ ನೋಡ್ತೀರಪ್ಪಾ, ನಾನೇನು ಹುಳಾನಾ?" ಎಂದು ಅವಳು ನಕ್ಕಳು. ಆ ನಗುವೇ ಚಿತ್ರದಲ್ಲಿ ಬಿದ್ದಿದೆ, ಕಣ್ಣುಗಳು ಸ್ಪಷ್ಟವಾಗಿವೆ.